ಇವ್ರಿಗಿ ಯಜಮಾನ್ರು ಯಾರು, ಕಾಕಾ?

ಕಮಲಾಪುರದಲ್ಲಿ ಹೆದ್ದಾರಿಯ ಬದಿಗೆ ಕೆಂಪು ಬಾಳೆಯ ಬುಟ್ಟಿ ಇಟ್ಟುಕೊಂಡ ಅಜ್ಜಿಯ ಎದುರು ಚೌಕಾಸಿಗೆ ನಿಂತಿದ್ದೆ. ಬಸ್ಸಿಳಿದು ಬಂದ ಅಣ್ಣನ ಮಗಳು ಯಾವಾಗ ಬಂದ್ರಿ, ಆರಾಮ ಇದ್ದೀರೇನು ಎಂಬ ಮಾತೊಂದೂ ಆಡದೆ ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲು ಬಿಚ್ಚಿ ಒಂದು ಅಂಕಪಟ್ಟಿ ತೋರಿಸಿದಳು. ನಾಲ್ಕನೇ ಸೆಮಿಸ್ಟರಿನ ಒಂದು ವಿಷಯದ ಮುಂದೆ ‘ಗೈರು’ ಎಂದು ಅಚ್ಚಾಗಿತ್ತು. ಅವಳು ಪರೀಕ್ಷೆ ಬರೆದದ್ದಕ್ಕೆ ಹಾಲ್ ಟಿಕೆಟ್ಟಿನ ಮೇಲೆ ಕೊಠಡಿ ಮೇಲ್ವಿಚಾರಕರ ಸಹಿಯೇ ಇದೆ. ಅವಳು ಓದಿದ್ದು ನಮ್ಮ ಜಿಲ್ಲೆಯಲ್ಲಲ್ಲ, ದೂರದ ಊರಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಯಾವ ವಿಶ್ವವಿದ್ಯಾಲಯ ಎಂಬುದು ಇಲ್ಲಿ ಬೇಡ.

“ಹೊರಗಿನ ಕಿಟಕ್ಯಾಗ ಕೇಳಿದ್ರ ಒಳಗ ಹೋಗ್ರಿ ಅಂತಾರ. ಒಳಗಿನವ್ರು ಕಾಲೇಜಿಂದ ಪತ್ರ ತರ್ರಿ ಅಂತಾರ. ಕಾಲೇಜಿನವ್ರು ನಾವು ಆಗ್ಲೇ ಕಳ್ಸೀವಿ ಅಂತಾರ. ಮೂರು ಸಲ ಹೋಗಿ ಬಂದೆ. ಊರಾಗ ನಳಕ್ಕ ನೀರು ಬರ್ಲಿಲ್ಲಂದ್ರ ಮೆಂಬರ್ ಮನಿಗಿ ಹೋಗ್ತೀವಿ. ಇಲ್ಲಿ ಯಾರ ಮನಿಗಿ ಹೋಗ್ಬೇಕು? ಇವ್ರಿಗಿ ಯಜಮಾನ್ರು ಯಾರು, ಕಾಕಾ?”

ಕೆಂಪು ಬಾಳೆ ಉಳಿದ ಬಾಳೆಗಿಂತ ನಿಧಾನದ ಬೆಳೆ. ನೆಟ್ಟ ಕಂದು ಗೊನೆ ಕೊಡುವಷ್ಟರಲ್ಲಿ ಹತ್ತಿರ ಹತ್ತಿರ ಒಂದೂವರೆ ವರ್ಷ. ಹುಡುಗಿಯ ಅಂಕಪಟ್ಟಿ ಹನ್ನೊಂದು ತಿಂಗಳಿಗೆ ಸರಿಯಾಯಿತು. ಆ ಲೆಕ್ಕದಲ್ಲಿ ವಿಶ್ವವಿದ್ಯಾಲಯವೇ ವಾಸಿ. ಆದರೆ ಅವಳ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನ ಹತ್ತಿರ ಉತ್ತರವಿರಲಿಲ್ಲ. “ರಾಜ್ಯಪಾಲರು” ಎಂದೆ. “ಅವ್ರು ಘಟಿಕೋತ್ಸವಕ್ಕ ಬರೋರಲ್ಲ?” ಎಂದಳು. ಮುಂದೆ ಮಾತು ಬೆಳೆಯಲಿಲ್ಲ, ಬಾಳೆಹಣ್ಣು ಸುಲಿದೆವು.

ಆಮೇಲೆ ಕೂತು ನೋಡಿದರೆ ಪ್ರಶ್ನೆ ಅಂದುಕೊಂಡದ್ದಕ್ಕಿಂತ ಗಟ್ಟಿ.

ಕರ್ನಾಟಕದ ಬಹುತೇಕ ಸಾಮಾನ್ಯ ವಿಶ್ವವಿದ್ಯಾಲಯಗಳಂತೆ ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯವೂ ನಡೆಯುವುದು 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಮೇಲೆ. ಅದರ ಪ್ರಕಾರ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ದಿನದ ಕೆಲಸ ನಡೆಸುವವರು ಕುಲಪತಿ, ಅವರ ಅವಧಿ ನಾಲ್ಕು ವರ್ಷ. ಕುಲಪತಿಯನ್ನು ಆರಿಸುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹತ್ತಾರು ವರ್ಷಗಳ ಜಗಳವೆಲ್ಲ ಇದರೊಳಗೇ ಅಡಗಿದೆ. ಮೊದಲು ನಾಲ್ಕು ಜನರ ಶೋಧನಾ ಸಮಿತಿ: ಕುಲಾಧಿಪತಿಯ ಕಡೆಯಿಂದ ಒಬ್ಬರು, ಯುಜಿಸಿಯಿಂದ ಒಬ್ಬರು, ರಾಜ್ಯ ಸರ್ಕಾರದಿಂದ ಒಬ್ಬರು, ಸಿಂಡಿಕೇಟಿನಿಂದ ಒಬ್ಬರು. ಅವರು ಮೂರು ಹೆಸರು ಕೊಡುತ್ತಾರೆ, ಅದೂ ಅಕಾರಾದಿ ಕ್ರಮದಲ್ಲಿ. ಯಾರು ಮೇಲು ಯಾರು ಕೆಳಗೆ ಎಂದು ಹೇಳುವ ಹೊಣೆ ಸಮಿತಿಗೆ ಬೇಡ ಎಂಬ ಜಾಣತನ ಅದು. ಪಟ್ಟಿ ಸರ್ಕಾರದ ಕೈಗೆ ಹೋಗಿ, ಅಲ್ಲಿಂದ ರಾಜಭವನಕ್ಕೆ ಹೋಗುತ್ತದೆ. ರಾಜ್ಯಪಾಲರು ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ಮೂರನ್ನೂ ನೋಡಿ, ಸರ್ಕಾರದ ಸಹಮತ ಪಡೆದು, ಒಬ್ಬರನ್ನು ನೇಮಿಸುತ್ತಾರೆ.

‘ಸಹಮತ’ ಎಂಬ ಆ ಒಂದು ಪದವೇ ಕೀಲಿ. ಬ್ಯಾಂಕಿನ ಲಾಕರ್ ಇದ್ದ ಹಾಗೆ, ಒಂದು ಕೀಲಿ ರಾಜಭವನದಲ್ಲಿ, ಇನ್ನೊಂದು ವಿಧಾನಸೌಧದಲ್ಲಿ. ಎರಡೂ ಕಡೆ ಒಂದೇ ಪಕ್ಷದ ಮಂದಿ ಇದ್ದರೆ ಬಾಗಿಲು ಸರಾಗವಾಗಿ ತೆರೆಯುತ್ತದೆ. ಬೇರೆ ಬೇರೆ ಇದ್ದರೆ ಕಡತ ಅತ್ತಿಂದಿತ್ತ ಓಡಾಡುತ್ತದೆ, ಅಷ್ಟು ದಿನ ಡೀನರಲ್ಲಿ ಹಿರಿಯರೊಬ್ಬರು ಪ್ರಭಾರ ಕುಲಪತಿ. ಪ್ರಭಾರದವರು ಸಂಬಳದ ಬಿಲ್ಲಿಗೆ ಸಹಿ ಮಾಡುತ್ತಾರೆ, ದಿನ ತಳ್ಳುತ್ತಾರೆ. ದೊಡ್ಡ ನೇಮಕಾತಿಗೆ, ಹೊಸ ವಿಭಾಗಕ್ಕೆ ಕೈ ಹಾಕುವ ಧೈರ್ಯ ಯಾರು ಮಾಡುತ್ತಾರೆ? ನಾಳೆ ಪೂರ್ಣಾವಧಿಯವರು ಬಂದು ಎಲ್ಲ ತಿರುವಿ ಹಾಕಬಹುದಲ್ಲ. ಇನ್ನು ಕುಲಸಚಿವರು. ಆಡಳಿತಕ್ಕೆ ಒಬ್ಬರು, ಮೌಲ್ಯಮಾಪನಕ್ಕೆ ಒಬ್ಬರು. ಅವರನ್ನು ನೇಮಿಸುವುದು ಸರ್ಕಾರ. ಹೀಗಾಗಿ ಕುಲಪತಿಗೂ ಕುಲಸಚಿವರಿಗೂ ತಾಳಮೇಳ ತಪ್ಪಿದರೆ ಇಬ್ಬರೂ ತಮ್ಮ ತಮ್ಮ ನೇಮಕಾತಿ ಆದೇಶ ತೋರಿಸಬಹುದು. ಅಂಕಪಟ್ಟಿಯ ‘ಗೈರು’ ಅಷ್ಟು ದಿನ ಗೈರಾಗಿಯೇ ಇರುತ್ತದೆ.

ಸಿಂಡಿಕೇಟ್ ಎಂಬುದು ವಿಶ್ವವಿದ್ಯಾಲಯದ ಮಂತ್ರಿಮಂಡಲ. ಆಸ್ತಿ, ಹಣ, ನೇಮಕ, ಶಿಸ್ತು, ಕಾಲೇಜುಗಳ ಸಂಯೋಜನೆ ಎಲ್ಲವೂ ಅಲ್ಲಿಗೇ ಬರಬೇಕು. ಯಾರಿರುತ್ತಾರೆ ಅಲ್ಲಿ? ಸರ್ಕಾರ ನಾಮಕರಣ ಮಾಡಿದವರು, ರಾಜ್ಯಪಾಲರು ನಾಮಕರಣ ಮಾಡಿದವರು, ಇಲಾಖೆಯ ಅಧಿಕಾರಿಗಳು, ಸರದಿಯ ಮೇಲೆ ಬರುವ ಡೀನರು, ಪ್ರಾಂಶುಪಾಲರು. ಬೆಂಗಳೂರಿನಲ್ಲಿ ಸರ್ಕಾರ ಬದಲಾದರೆ ಇಲ್ಲಿಯ ನಾಮಕರಣದ ಕುರ್ಚಿಗಳಲ್ಲಿ ಕೂತವರೂ ಬದಲಾಗುತ್ತಾರೆ. ಹಳಬರು ಹೋಗುವಾಗಲೂ ಹೊಸಬರು ಬರುವಾಗಲೂ ನಗರದ ವೃತ್ತಗಳಲ್ಲಿ ಫ್ಲೆಕ್ಸ್ ಏಳುವುದರಿಂದ ನಮಗೆ ಸುದ್ದಿ ತಿಳಿಯುತ್ತದೆ. ಆ ಮೇಜಿನ ಸುತ್ತ ಮತ ಪಡೆದು ಬಂದು ಕೂತ ಪದವೀಧರ ಒಬ್ಬನೂ ಇಲ್ಲ. ಇದು ಮೊದಲಿನಿಂದಲೂ ಹೀಗೆ ಇರಲಿಲ್ಲ. 1976ರ ಕಾಯ್ದೆಯಲ್ಲಿ ಸಿಂಡಿಕೇಟಿನ ಜೊತೆಗೆ ಸೆನೆಟ್ ಎಂಬ ದೊಡ್ಡ ಸಭೆಯೂ ಇತ್ತು. ಚುನಾವಣೆಯಲ್ಲಿ ಗೆದ್ದವರೂ ಅಲ್ಲಿ ಬಂದು ಕೂತು ಕೂಗಾಡುತ್ತಿದ್ದರು, ಬಜೆಟ್ಟಿನ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಗುಂಪುಗಾರಿಕೆ, ಕಾಲಹರಣ, ರಾಜಕೀಯ ಎಂದೆಲ್ಲ ದೂರು ಕೇಳಿಬಂದು, 2000ದ ಕಾಯ್ದೆಯಲ್ಲಿ ಸೆನೆಟ್ ಮಾಯವಾಯಿತು. ರಾಜಕೀಯ ಮಾಯವಾಯಿತೇ? ಮತಪೆಟ್ಟಿಗೆ ಹೋಗಿ ನಾಮಕರಣದ ಪಟ್ಟಿ ಬಂತು, ಅಷ್ಟೇ.

ಕಲಬುರಗಿಯ ಮಟ್ಟಿಗೆ ‘ಯಜಮಾನ ಯಾರು’ ಎಂಬ ಪ್ರಶ್ನೆಗೆ ಇನ್ನೂ ಹಳೆಯ ಬೇರುಗಳಿವೆ. ನಮ್ಮ ಭಾಗದ ಒಂದು ಓದಿದ ಮನೆಯ ಗೋಡೆಯನ್ನು ಕಲ್ಪಿಸಿಕೊಳ್ಳಿ. ಅಜ್ಜನ ಪದವಿ ಪತ್ರ ಉರ್ದುವಿನಲ್ಲಿದೆ, ಹೈದರಾಬಾದಿನ ಉಸ್ಮಾನಿಯಾದ್ದು. ನಿಜಾಮರ ಫರ್ಮಾನಿನಿಂದ 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಭಾಷೆಯೇ ಉರ್ದು. 1956ರಲ್ಲಿ ರಾಜ್ಯಗಳ ಗಡಿ ಬದಲಾದ ಮೇಲೆ ಓದಿದ ಮಗನ ಪತ್ರದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೊಹರು. 1970ರಲ್ಲಿ ಧಾರವಾಡದವರು ಇಲ್ಲೊಂದು ಸ್ನಾತಕೋತ್ತರ ಕೇಂದ್ರ ತೆರೆದರು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು, ಸೇಡಂ ರಸ್ತೆಯ ಜ್ಞಾನಗಂಗಾ ಆವರಣ, 860 ಎಕರೆ. ಮೊಮ್ಮಗನದು ಆ ಪತ್ರ. ಮೂರು ತಲೆಮಾರು ಒಂದೇ ಮನೆಯಲ್ಲಿ ಉಂಡು ಮಲಗಿದರೂ ಮೂರು ವಿಶ್ವವಿದ್ಯಾಲಯಗಳ ಪ್ರಜೆಗಳು. ಒಂದು ಸಲವಾದರೂ ಈ ಮನೆಯವರನ್ನು ಯಾರೂ ಕೇಳಿದ್ದಿಲ್ಲ. ಮೊದಲು ಫರ್ಮಾನು, ಆಮೇಲೆ ಕಾಯ್ದೆ, ಆಮೇಲೆ ತಿದ್ದುಪಡಿ. (ಊರಿನ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ವಿಶ್ವವಿದ್ಯಾಲಯ ಮಾತ್ರ ಕಾಯ್ದೆಯೊಳಗೆ ಗುಲಬರ್ಗಾ ಆಗಿಯೇ ಉಳಿದಿದೆ. ಅಂಚೆಯವನಿಗೆ ತೊಂದರೆಯಿಲ್ಲ, ಹೊರ ರಾಜ್ಯದಲ್ಲಿ ಸಂದರ್ಶನಕ್ಕೆ ಹೋದ ಹುಡುಗರು ಎರಡೂ ಒಂದೇ ಊರು ಎಂದು ಬಿಡಿಸಿ ಹೇಳಬೇಕಾಗುತ್ತದೆ.)

ಇನ್ನೊಂದು ತಮಾಷೆ ಈ ಜಿಲ್ಲೆಯೊಳಗೇ ಇದೆ. ಆಳಂದ ರಸ್ತೆಯಲ್ಲಿ ಕಡಗಂಚಿಗೆ ಹೋದರೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. 2009ರ ಸಂಸತ್ತಿನ ಕಾಯ್ದೆಯ ಕೂಸು ಅದು. ಅಲ್ಲಿ ರಾಷ್ಟ್ರಪತಿಗಳು ‘ವಿಸಿಟರ್’, ಕುಲಪತಿಯ ನೇಮಕ ಅವರ ಹೆಸರಿನಲ್ಲಿ. ರಾಜ್ಯಪಾಲರಿಗೂ ಮುಖ್ಯಮಂತ್ರಿಗೂ ಅಲ್ಲಿ ಅಂಥ ಕೆಲಸವಿಲ್ಲ. ನಗರದೊಳಗೆ 2017ರಿಂದ ಶರಣಬಸವ ವಿಶ್ವವಿದ್ಯಾಲಯ, 2018ರಿಂದ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ. ಎರಡೂ ಖಾಸಗಿ, ಒಂದು ಶರಣಬಸವೇಶ್ವರ ಸಂಸ್ಥಾನದ ನೆರಳಿನಲ್ಲಿ, ಇನ್ನೊಂದು ದರ್ಗಾದ ಮನೆತನದ ಸಂಸ್ಥೆಯ ನೆರಳಿನಲ್ಲಿ. ಅಲ್ಲಿ ಕುಲಾಧಿಪತಿ ಸ್ಥಾಪಕ ಸಂಸ್ಥೆಯ ಕಡೆಯವರೇ. ಹೀಗೆ ಒಂದೇ ಜಿಲ್ಲೆಯಲ್ಲಿ ರಾಷ್ಟ್ರಪತಿ, ರಾಜ್ಯಪಾಲರು, ಶರಣಬಸವೇಶ್ವರ ಸಂಸ್ಥಾನ, ದರ್ಗಾ ನಾಲ್ಕು ಬಗೆಯ ಯಜಮಾನಿಕೆ. ಓದುವ ಮಗುವಿಗೆ ಬೇಕಾದದ್ದು ಒಂದೇ: ಸಮಯಕ್ಕೆ ಪರೀಕ್ಷೆ, ಸಮಯಕ್ಕೆ ಫಲಿತಾಂಶ, ತಪ್ಪಿಲ್ಲದ ಅಂಕಪಟ್ಟಿ.

ಮತ ಹಾಕಿ ಶಿಕ್ಷಣ ಸಂಸ್ಥೆ ನಡೆಸುವುದು ಕಲಬುರಗಿಗೆ ಹೊಸದೇನಲ್ಲ. ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಗೆ, ಅಂದರೆ ಎಲ್ಲರ ಬಾಯಲ್ಲಿ ಎಚ್‌ಕೆಇಗೆ, ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನೂ ಆಡಳಿತ ಮಂಡಳಿಯನ್ನೂ ಆರಿಸುತ್ತಾರೆ. ಪಿಡಿಎ ಇಂಜಿನಿಯರಿಂಗ್ ಕಾಲೇಜು, ಎಂಆರ್ ಮೆಡಿಕಲ್ ಕಾಲೇಜು ಅದರವೇ. ಆ ಚುನಾವಣೆ ಬಂತೆಂದರೆ ಊರಿನ ಕಳೆಯೇ ಬೇರೆ. ಪೆನಲ್‌ಗಳು, ಪ್ರಚಾರ, ಮನೆ ಮನೆ ಭೇಟಿ, ಮದುವೆಯಲ್ಲೂ ಅದೇ ಮಾತು. ವಿಧಾನಸಭೆ ಚುನಾವಣೆಗಿಂತ ಜೋರು ಎನ್ನುವವರಿದ್ದಾರೆ. ಒಳ್ಳೆಯದು ಕೆಟ್ಟದ್ದು ಎರಡೂ ಅದರಲ್ಲಿದೆ. ಕೆಟ್ಟದ್ದನ್ನು ಎಲ್ಲರೂ ಎಣಿಸಿ ಹೇಳಬಲ್ಲರು. ಒಳ್ಳೆಯದು ಒಂದೇ: ಗೆದ್ದವರು ಮುಂದಿನ ಸಲ ಮತ್ತೆ ಮನೆ ಬಾಗಿಲಿಗೆ ಬರಲೇಬೇಕು.

ರಾಜ್ಯದಲ್ಲಿ ಈಗ ನಡೆದಿರುವ ವಾದ ಬೇರೆ ದಿಕ್ಕಿನದು. ಕುಲಾಧಿಪತಿ ರಾಜ್ಯಪಾಲರಾಗಬೇಕೋ ಮುಖ್ಯಮಂತ್ರಿಯೋ? ರಾಜ್ಯಪಾಲರಿಗೆ ಈ ಪಟ್ಟ ಬಂದದ್ದು ಇಂಗ್ಲಿಷರ ಕಾಲದಿಂದ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳಾದಾಗ ಕಲ್ಕತ್ತಕ್ಕೆ ಗವರ್ನರ್ ಜನರಲ್, ಉಳಿದ ಎರಡಕ್ಕೆ ಅಲ್ಲಿಯ ಗವರ್ನರ್‌ಗಳು ಕುಲಾಧಿಪತಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವಾದಾಗ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೇ ಮೊದಲ ಕುಲಾಧಿಪತಿ. ಪಟ್ಟ ಉಳಿಯಿತು, ಕೂತವರು ಬದಲಾದರು. ಕೇಂದ್ರ ರಾಜ್ಯ ಸಂಬಂಧ ಪರಿಶೀಲಿಸಿದ ಪೂಂಛಿ ಆಯೋಗ 2010ರಲ್ಲಿಯೇ ರಾಜ್ಯಪಾಲರ ತಲೆಯ ಮೇಲೆ ಈ ಹೊರೆ ಬೇಡ ಎಂದಿತ್ತು. 2022ರಲ್ಲಿ ಕೇರಳವೂ ಪಶ್ಚಿಮ ಬಂಗಾಳವೂ ರಾಜ್ಯಪಾಲರನ್ನು ಆ ಜಾಗದಿಂದ ಬಿಡಿಸುವ ಮಸೂದೆ ಮಾಡಿದವು. ಕೇರಳದ್ದಕ್ಕೆ 2024ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಗಲಿಲ್ಲ. ನಮ್ಮಲ್ಲಿ 2024ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ಮಸೂದೆ ವಿಧಾನಸಭೆ ದಾಟಿತು. ಮರು ತಿಂಗಳೇ ಯುಜಿಸಿ ಹೊಸ ಕರಡು ನಿಯಮ ತಂದಿತು. ಅದರಲ್ಲಿ ಶೋಧನಾ ಸಮಿತಿ ರಚಿಸುವ ಅಧಿಕಾರ ಕುಲಾಧಿಪತಿಗೆ, ರಾಜ್ಯ ಸರ್ಕಾರದ ಪ್ರತಿನಿಧಿಗೆ ಜಾಗವೇ ಇಲ್ಲ. ಅದನ್ನು ವಿರೋಧಿಸಲು 2025ರ ಫೆಬ್ರುವರಿಯಲ್ಲಿ ಹಲವು ರಾಜ್ಯಗಳ ಶಿಕ್ಷಣ ಸಚಿವರು ಬೆಂಗಳೂರಿನಲ್ಲಿ ಸೇರಿದರು.

ಇಲ್ಲೊಂದು ಗಂಟಿದೆ. ವಿಧಾನಮಂಡಲದ ಎರಡೂ ಸದನಗಳು ಮಸೂದೆಯನ್ನು ಒಪ್ಪಿದ ಮೇಲೆ ಅದು ಕಾಯ್ದೆಯಾಗಲು ರಾಜ್ಯಪಾಲರ ಅಂಕಿತ ಬೇಕು. ಅಂದರೆ, ತಮ್ಮನ್ನು ಕುರ್ಚಿಯಿಂದ ಇಳಿಸುವ ಕಾಗದಕ್ಕೆ ಅವರೇ ಸಹಿ ಹಾಕಬೇಕು. ಯಾರಾದರೂ ಎಷ್ಟು ಬೇಗ ಹಾಕಿಯಾರು? 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ 10 ಮಸೂದೆಗಳಿಗೆ ಒಪ್ಪಿಗೆ ಸಿಕ್ಕಂತೆಯೇ ಎಂದು ತೀರ್ಪು ಕೊಟ್ಟಿತು. ಬಹುಪಾಲು ವಿಶ್ವವಿದ್ಯಾಲಯಗಳ ಮಸೂದೆಗಳೇ ಅವು. ಅದೇ ವರ್ಷ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಹಾಗೆ ‘ಸಿಕ್ಕಂತೆ’ ಎಂದುಕೊಳ್ಳಲು ಸಂವಿಧಾನದಲ್ಲಿ ಅವಕಾಶವಿಲ್ಲ ಎಂದು ಅಭಿಪ್ರಾಯ ಕೊಟ್ಟಿತು. ಮತ್ತೆ ಶುರುವಿಗೇ ಬಂದೆವು.

ಈ ಜಗಳದಲ್ಲಿ ನನ್ನ ಅಣ್ಣನ ಮಗಳು ಎಲ್ಲಿದ್ದಾಳೆ? ರಾಜ್ಯಪಾಲರ ಕಡೆಯವರು ‘ರಾಜಕೀಯ ಬೇಡ’ ಎನ್ನುತ್ತಾರೆ. ಮುಖ್ಯಮಂತ್ರಿಯ ಕಡೆಯವರು ‘ಜನ ಆರಿಸಿದವರ ಮಾತು ನಡೆಯಬೇಕು’ ಎನ್ನುತ್ತಾರೆ. ನನಗೆ ಎರಡನೆಯ ಮಾತು ಹೆಚ್ಚು ಸರಿ ಕಾಣುತ್ತದೆ. ಸಂಬಳ, ಪಿಂಚಣಿ, ಕಟ್ಟಡಕ್ಕೆ ಹಣ ಕೊಡುವುದು ರಾಜ್ಯ, ನಿಯಂತ್ರಣ ಇನ್ನೊಬ್ಬರದು ಎಂದರೆ ಲೆಕ್ಕ ಕೂಡುವುದಿಲ್ಲ. ಆದರೆ ಮುಖ್ಯಮಂತ್ರಿ ಕುಲಾಧಿಪತಿಯಾದ ಮಾತ್ರಕ್ಕೆ ಆ ಕಿಟಕಿಯ ಹಿಂದೆ ಕೂತವರು ‘ತಂಗಿ, ಬಾರವ್ವ’ ಎನ್ನುತ್ತಾರೆಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ. ಒಂದು ಕೀಲಿ ಕಡಿಮೆಯಾಗುತ್ತದೆ, ಲಾಕರ್ ಅದೇ.

ಜನರನ್ನೇ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೆವಾಡ ರಾಜ್ಯ ಒಳ್ಳೆಯ ಉದಾಹರಣೆ. ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಸ್ಥೆ ಎಲ್ಲ ಸೇರಿ ಎಂಟನ್ನು ನಡೆಸುವುದು ‘ರೀಜೆಂಟರ ಮಂಡಳಿ’. ನಮ್ಮ ಸಿಂಡಿಕೇಟಿನ ಅಣ್ಣ ಎನ್ನಿ. ಅದರ 13 ಸದಸ್ಯರನ್ನು ಸಾಮಾನ್ಯ ಮತದಾರರೇ ಆರು ವರ್ಷಕ್ಕೆ ಆರಿಸುತ್ತಾರೆ, ನಾವು ಜಿಲ್ಲಾ ಪಂಚಾಯ್ತಿಗೆ ಆರಿಸುವ ಹಾಗೆ ಕ್ಷೇತ್ರವಾರು. 1864ರ ಅವರ ರಾಜ್ಯ ಸಂವಿಧಾನದಲ್ಲೇ ಮಂಡಳಿಯ ಹೆಸರು ಬರೆದಿದೆ. ಮಿಶಿಗನ್, ಕೊಲರಾಡೊ, ನೆಬ್ರಾಸ್ಕದಲ್ಲೂ ರೀಜೆಂಟರಿಗೆ ಜನರ ಮತ ಬೇಕು. ಉಳಿದ ಬಹುತೇಕ ರಾಜ್ಯಗಳಲ್ಲಿ ಗವರ್ನರ್ ನೇಮಕವೇ ಹೆಚ್ಚು.

ನೆವಾಡದ ಶಾಸನಸಭೆಗೆ ಮಂಡಳಿಯ ಮೇಲೆ ಸಿಟ್ಟು. ಹಣ ಕೊಡುವುದು ನಾವು, ಲೆಕ್ಕ ಕೇಳಿದರೆ ‘ನಾವು ಸಂವಿಧಾನದ ಮಕ್ಕಳು’ ಎಂದು ಮುಖ ತಿರುಗಿಸುತ್ತಾರೆ ಎಂಬ ದೂರು. ಮಂಡಳಿಯ ಹೆಸರನ್ನು ಸಂವಿಧಾನದಿಂದ ತೆಗೆದು ಸಾಮಾನ್ಯ ಕಾಯ್ದೆಯ ಕೆಳಗೆ ತರಬೇಕು ಎಂದು ಹೊರಟರು. ಅಲ್ಲಿ ಸಂವಿಧಾನ ತಿದ್ದುಪಡಿ ಸುಲಭವಲ್ಲ. ಎರಡು ಅಧಿವೇಶನಗಳಲ್ಲಿ ಶಾಸನಸಭೆ ಒಪ್ಪಬೇಕು, ಆಮೇಲೆ ಮತಪತ್ರದ ಮೇಲೆ ಪ್ರಶ್ನೆಯಾಗಿ ಜನರ ಮುಂದೆ ಹೋಗಬೇಕು. 2020ರಲ್ಲಿ ಹೋಯಿತು, ‘ಪ್ರಶ್ನೆ 1’ ಎಂಬ ಹೆಸರಿನಲ್ಲಿ. ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಬಿತ್ತು. ಪಟ್ಟು ಬಿಡದೆ 2024ರಲ್ಲಿ ಮತ್ತೆ ತಂದರು. ಈ ಸಲ ನೂರಕ್ಕೆ ಸುಮಾರು 55 ಮಂದಿ ಬೇಡ ಎಂದರು.

ಇದರಲ್ಲಿ ನನಗೆ ಹಿಡಿಸಿದ್ದು ಫಲಿತಾಂಶಕ್ಕಿಂತ ಪ್ರಶ್ನೆ. ತಿದ್ದುಪಡಿ ಗೆದ್ದಿದ್ದರೂ ಮರುದಿನವೇ ರೀಜೆಂಟರ ಚುನಾವಣೆ ನಿಲ್ಲುತ್ತಿರಲಿಲ್ಲ. ಕಾಯ್ದೆಯಲ್ಲಿ ಅದು ಉಳಿದಿರುತ್ತಿತ್ತು. ಆದರೆ ಮುಂದೆ ಶಾಸನಸಭೆ ಬೇಕಾದಾಗ ಕಾಯ್ದೆ ಬದಲಿಸಿ ಚುನಾವಣೆಯನ್ನೇ ತೆಗೆಯಬಹುದಿತ್ತು. ಮತದಾರರಿಗೆ ಇಷ್ಟು ಸೂಕ್ಷ್ಮ ಹೊಳೆಯಿತೋ, ಅಥವಾ ‘ನಮ್ಮ ಕೈಯಲ್ಲಿರುವ ಮತ ಯಾಕೆ ಬಿಡಬೇಕು’ ಎಂಬ ಸರಳ ಲೆಕ್ಕವೋ, ಹೇಗೂ ಅವರು ಎರಡು ಸಲ ಬೇಡ ಎಂದರು. ರೀಜೆಂಟರು ಬಹಳ ಚೆನ್ನಾಗಿ ಕೆಲಸ ಮಾಡಿದ್ದಾರೆಂದು ಹಾಗೆ ಮಾಡಿದರು ಎನ್ನಲಾಗದು. ಕೆಟ್ಟ ಮೆಂಬರಾದರೂ ಅವನ ಮನೆಯ ದಾರಿ ಗೊತ್ತಲ್ಲ.

ನಮ್ಮಲ್ಲಿ ಕಾಯ್ದೆಯೊಂದನ್ನು ಜನಮತಕ್ಕೆ ಹಾಕುವ ಪದ್ಧತಿಯೇ ಇಲ್ಲ. 1967ರಲ್ಲಿ ಗೋವೆಯವರನ್ನು ಮಹಾರಾಷ್ಟ್ರದಲ್ಲಿ ಸೇರುತ್ತೀರಾ ಎಂದು ಕೇಳಿದ್ದಂಥ ಅಪರೂಪದ ಪ್ರಸಂಗಗಳನ್ನು ಬಿಟ್ಟರೆ, ಮತಪತ್ರದ ಮೇಲೆ ನಮಗೆ ಕಾಣುವುದು ಮನುಷ್ಯರ ಹೆಸರು, ಪ್ರಶ್ನೆಯಲ್ಲ. ಹಳೆಯ ಕಲಬುರಗಿ ತಾಲ್ಲೂಕಿನಿಂದ ಕಮಲಾಪುರವನ್ನು ಬಿಡಿಸಿ ಹೊಸ ತಾಲ್ಲೂಕು ಮಾಡುವಾಗಲೂ ಹಾಗೆಯೇ, ವಿಶ್ವವಿದ್ಯಾಲಯವನ್ನು ಕತ್ತರಿಸುವಾಗಲೂ ಹಾಗೆಯೇ. ಕತ್ತರಿಯ ಕತೆ ಈ ಭಾಗದವರಿಗೆ ಗೊತ್ತೇ ಇದೆ. ಬೀದರಿನಿಂದ ಬಳ್ಳಾರಿಯ ತನಕ ಹಬ್ಬಿದ್ದ ಗುಲಬರ್ಗಾ ವಿಶ್ವವಿದ್ಯಾಲಯದಿಂದ 2010ರಲ್ಲಿ ಬಳ್ಳಾರಿ, ಕೊಪ್ಪಳ ಹೋದವು. ಆಮೇಲೆ ರಾಯಚೂರು ವಿಶ್ವವಿದ್ಯಾಲಯಕ್ಕೆ ರಾಯಚೂರು, ಯಾದಗಿರಿ ಹೋದವು. ಬಳಿಕ ಬೀದರೂ ಹೋಯಿತು. ಉಳಿದದ್ದು ಕಲಬುರಗಿ ಜಿಲ್ಲೆ ಒಂದೇ. ಆಯಾ ಜಿಲ್ಲೆಯವರಿಗೆ ಹತ್ತಿರದಲ್ಲಿ ವಿಶ್ವವಿದ್ಯಾಲಯ ಸಿಕ್ಕಿದ್ದು ಸರಿಯೇ, ಬಳ್ಳಾರಿಯ ಹುಡುಗ ಅಂಕಪಟ್ಟಿಗೆಂದು ಇಲ್ಲಿಯವರೆಗೆ ಬರಬೇಕಿಲ್ಲ. ಆದರೆ ಕಾಲೇಜುಗಳು ಹೋಗುವಾಗ ಅವು ಕಟ್ಟುತ್ತಿದ್ದ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೂ ಹೋಯಿತು. ಕಟ್ಟಡ, ಸಿಬ್ಬಂದಿ, ಪಿಂಚಣಿದಾರರು ಜ್ಞಾನಗಂಗಾದಲ್ಲೇ ಉಳಿದರು. ಆಸ್ತಿ ಪಾಲಾಗುವಾಗ ಮುದುಕರನ್ನು ಹಿರಿಮಗನ ಪಾಲಿಗೆ ಬಿಡುವುದಿಲ್ಲವೇ, ಹಾಗೆ. ಇನ್ನೊಂದೆಡೆ, 2022ರ ತಿದ್ದುಪಡಿಯಲ್ಲಿ ಹುಟ್ಟಿದ ಹೊಸ ವಿಶ್ವವಿದ್ಯಾಲಯಗಳಲ್ಲಿ ಹಲವನ್ನು ಮುಚ್ಚುವ ಮಾತು 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯಿಂದಲೇ ಬಂತು. ಹುಟ್ಟಿಸುವಾಗಲೂ ಕೇಳಲಿಲ್ಲ, ಮುಚ್ಚುವ ಮಾತಿನಲ್ಲೂ ಕೇಳಲಿಲ್ಲ.

ಸಂವಿಧಾನದ 371ಜೆ ವಿಧಿ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. 2012ರ 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯಿಂದ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟು ಇಲ್ಲಿಯವರಿಗೆ ಮೀಸಲಾಯಿತು. ನೌಕರಿಯಲ್ಲೂ ಪಾಲು ಬಂತು. ಎಷ್ಟೋ ಮನೆಗಳಲ್ಲಿ ಅದರಿಂದ ಡಾಕ್ಟರು, ಇಂಜಿನಿಯರು ಆಗಿದ್ದಾರೆ. ಆದರೆ ಅದು ತರಗತಿಯ ಬೆಂಚಿನ ಮೀಸಲಾತಿ, ಸಿಂಡಿಕೇಟಿನ ಕುರ್ಚಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಹತ್ತಿರದ ಪಾಠ ಗಡಿಯಾಚೆಗೇ ಇದೆ. ಆಳಂದ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಅಕ್ಕಲಕೋಟ. ಮನೆಮಾತು ಕನ್ನಡವೇ, ಜೋಳದ ರೊಟ್ಟಿಯೂ ಅದೇ. ಅಲ್ಲಿಯ ಹುಡುಗಿ ಓದಿದ್ದು ಸೊಲ್ಲಾಪುರ ವಿಶ್ವವಿದ್ಯಾಲಯದಲ್ಲಾದರೆ ಪದವೀಧರಳಾಗಿ ಹೆಸರು ನೋಂದಾಯಿಸಿ ಸೆನೆಟ್ ಚುನಾವಣೆಗೆ ಮತ ಹಾಕಬಹುದು. ಮಹಾರಾಷ್ಟ್ರ ತನ್ನ 2016ರ ಕಾಯ್ದೆಯಲ್ಲಿ ಸೆನೆಟ್ ಉಳಿಸಿಕೊಂಡಿತು, ನೋಂದಾಯಿತ ಪದವೀಧರರಿಗೆ ಹತ್ತು ಸ್ಥಾನ, ಅದರಲ್ಲಿ ಐದು ಮೀಸಲು. ಗಡಿಯ ಈಚೆಯ ಆಳಂದದ ಹುಡುಗಿಗೆ ಅದಿಲ್ಲ. ಹಾಗೆಂದು ಆಚೆ ಎಲ್ಲ ಸ್ವರ್ಗ ಎಂದುಕೊಳ್ಳಬೇಡಿ. ಮುಂಬಯಿ ವಿಶ್ವವಿದ್ಯಾಲಯದ ಪದವೀಧರ ಸೆನೆಟ್ ಚುನಾವಣೆ ಮುಂದಕ್ಕೆ ಹೋಗಿ ಹೋಗಿ ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ನಡೆಯಿತು. ಕಣದಲ್ಲಿದ್ದದ್ದು ಪಕ್ಷಗಳ ಯುವ ಘಟಕಗಳೇ, ಹತ್ತಕ್ಕೆ ಹತ್ತೂ ಒಂದೇ ಬಣಕ್ಕೆ. ಲಕ್ಷಗಟ್ಟಲೆ ಪದವೀಧರರಿರುವ ಕಡೆ ಮತಪಟ್ಟಿಯಲ್ಲಿದ್ದವರು ಕೆಲವೇ ಸಾವಿರ. ಮತ ಇದ್ದರೆ ಸಾಲದು, ನಮೂನೆ ತುಂಬುವ ತಾಳ್ಮೆಯೂ ಬೇಕು.

ಆದರೂ ನನ್ನ ಒಲವು ಅತ್ತಲೇ. ಇಡೀ ಸಿಂಡಿಕೇಟನ್ನು ಚುನಾವಣೆಗೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಜೀಪು, ಊಟ, ಲಕೋಟೆ ಎಲ್ಲಕ್ಕೂ ದಾರಿ ಅದು. ಇರುವ ಕುರ್ಚಿಗಳಲ್ಲಿ ಮೂರನ್ನು ನೋಂದಾಯಿತ ಪದವೀಧರರ ಮತಕ್ಕೆ ಬಿಡಲಿ, ಅದರಲ್ಲಿ ಒಂದು ಹೆಣ್ಣುಮಕ್ಕಳಿಗೆ, ಒಂದು ಜಿಲ್ಲಾ ಕೇಂದ್ರದ ಹೊರಗಿನ ತಾಲ್ಲೂಕಿನವರಿಗೆ. ಸಿಂಡಿಕೇಟಿನ ನಡಾವಳಿಯನ್ನು ಸಭೆ ಮುಗಿದ ವಾರದೊಳಗೆ ಕನ್ನಡದಲ್ಲಿ ಫಲಕಕ್ಕೆ ಹಚ್ಚಲಿ. ಗ್ರಾಮಸಭೆಯ ನಡಾವಳಿಯನ್ನು ಕೇಳಿ ಪಡೆಯಬಹುದಾದ ನಾಡಿನಲ್ಲಿ ಇದು ಅತಿಯಾಸೆ ಎನ್ನುವವರು ಇದ್ದರೆ ಅವರ ವಾದ ಕೇಳಲು ನಾನು ತಯಾರು. ಪದವೀಧರರಿಗೆ ಇಷ್ಟು ಪ್ರಬುದ್ಧತೆ ಇಲ್ಲ ಎಂಬ ವಾದ ಮಾತ್ರ ಬೇಡ. ಅದೇ ಪದವೀಧರರಿಂದಲೇ ವಿಧಾನ ಪರಿಷತ್ತಿಗೆ ಏಳು ಜನರನ್ನು ಆರಿಸುತ್ತೇವೆ.

ಹೌದು, ಅದೊಂದು ಮತ ನಮಗಿದೆ. ಬೀದರಿನಿಂದ ಬಳ್ಳಾರಿಯವರೆಗೆ, ವಿಶ್ವವಿದ್ಯಾಲಯದ ಹಳೆಯ ನಕ್ಷೆಯನ್ನು ನೆನಪಿಸುವ ಹಾಗೆ, ಈಶಾನ್ಯ ಪದವೀಧರ ಕ್ಷೇತ್ರ ಇಂದಿಗೂ ಒಂದೇ. ಕಳೆದ ಸಲ 2024ರ ಜೂನ್ 3ರಂದು ಮತದಾನವಾಯಿತು. ಪದವಿ ಮುಗಿದು ಮೂರು ವರ್ಷವಾಗಿರಬೇಕು, ಪ್ರತಿ ಚುನಾವಣೆಗೂ ನಮೂನೆ 18 ಹೊಸದಾಗಿ ತುಂಬಬೇಕು, ಮತಗಟ್ಟೆಯಲ್ಲಿ ಅವರೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕೊಟ್ಟ ಪೆನ್ನು ಬಿಟ್ಟು ಜೇಬಿನ ಪೆನ್ನು ತೆಗೆದರೆ ಮತ ಕುಲಗೆಡುತ್ತದೆ. ಎಂ.ಎ. ಓದಿದವರೂ ಸರಿ ಗುರುತು ಹಾಕಿ ಮತ ಕೆಡಿಸಿಕೊಂಡ ಕತೆಗಳು ಪ್ರತಿ ಸಲ ಎಣಿಕೆಯ ಹೊತ್ತಿಗೆ ಕೇಳಿಬರುತ್ತವೆ.

ಇದನ್ನೆಲ್ಲ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಅವಳ ಪದವಿ ಮುಗಿದದ್ದು 2025ರಲ್ಲಿ, ಮುಂದಿನ ಪದವೀಧರ ಚುನಾವಣೆ 2030ಕ್ಕೆ. ಅಷ್ಟರಲ್ಲಿ ಅವಳ ಹೆಸರು ಪಟ್ಟಿಗೆ ಬರಬಹುದು ಎಂದೆ. ನಮೂನೆಗೆ ಅಂಕಪಟ್ಟಿಯೋ ಪದವಿ ಪತ್ರವೋ ಲಗತ್ತಿಸಬೇಕಲ್ಲ, ಸರಿಯಾದ ಅಂಕಪಟ್ಟಿಯ ನಾಲ್ಕು ಜೆರಾಕ್ಸ್ ಈಗಲೇ ತೆಗೆದಿಡು ಎಂದೂ ಸೇರಿಸಿದೆ.

“ತೆಗೀತೀನಿ ಕಾಕಾ,” ಎಂದಳು. ಆಮೇಲೆ ಒಂದು ಗಳಿಗೆ ಬಿಟ್ಟು, “ಆ ಎಮ್ಮೆಲ್ಸಿ ಮನಿ ಎಲ್ಲಿ ಅದ?” ಎಂದು ಕೇಳಿದಳು.